ಉಡಿಗೆ ಹತ್ತಿದ ಬಣ್ಣ

ಗಡಿಯಾಚೆ, ಮರಾಠಿ ಸೀಮೆಯ ವಲಾಂಡಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮಾಣಿಕಬಾಯಿಯವರ ಅಂಗಳದಲ್ಲಿ ಕಬ್ಬಿಣದ ಪೀಪಾಯಿಯೊಂದು ಗಡಗಡ ಸದ್ದು ಮಾಡುತ್ತ ತಿರುಗುತ್ತಿದೆ. ತಿರುಗಿಸುತ್ತಿರುವ ಹೆಂಗಸಿನ ವೇಷ ನೋಡಿದರೆ ಯಾರಿಗಾದರೂ ನಗು ಬರಬೇಕು. ಸೀರೆಯ ಮೇಲೆ ಮಗನ ಹಳೆಯ ತುಂಬುತೋಳಿನ ಅಂಗಿ, ಮೂಗು ಬಾಯಿಗೆ ಮಾಸ್ಕು, ಮೊಣಕೈವರೆಗೆ ರಬ್ಬರಿನ ಕೈಗವಸು, ಕಾಲಿಗೆ ಗಂಡಸರ ಬೂಟು. "ನಗ್ರಿ, ನಗ್ರಿ. ಊರಾಗ ಎಲ್ಲಾರೂ ನಕ್ಕು ಮುಗದದ, ನಿಮ್ಮದೊಂದೇ ಬಾಕಿ ಇತ್ತು," ಎಂದು ಮಾಸ್ಕಿನ ಒಳಗಿಂದಲೇ ಹೇಳುತ್ತಾರೆ ಚಂಪಾಬಾಯಿ.

ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಬಿದ್ದು ಎರಡು ದಿನವಾಗಿದೆ. ಊರಿಗೆ ಊರೇ ಬಿತ್ತನೆಯ ಗಡಿಬಿಡಿಯಲ್ಲಿದೆ. ಮಣ್ಣಿನಲ್ಲಿ ಕೊಳೆಯದಿರಲಿ, ಹುಳ ತಿನ್ನದಿರಲಿ ಎಂದು ಸೋಯಾ ಬೀಜಕ್ಕೆ ಬಿತ್ತುವ ಮುಂಚೆ ಔಷಧ ಹಚ್ಚುತ್ತಾರೆ. ಹಿಂದೆ ಮನೆಯ ಹೆಂಗಸರು ಅಂಗಳದಲ್ಲಿ ತಾಡಪತ್ರಿ ಹಾಸಿ, ಬೀಜ ಸುರಿದು, ನೀರು ಚಿಮುಕಿಸಿ, ಹಿಟ್ಟು ಕಲಸಿದ ಹಾಗೆ ಬರಿಗೈಯಲ್ಲಿ ಕಲಸುತ್ತಿದ್ದರು. ಈಗ ಆ ಕೆಲಸವನ್ನು ಊರಿನ ಬಹಳಷ್ಟು ಮನೆಗಳಿಗೆ ಚಂಪಾಬಾಯಿ ಒಬ್ಬರೇ ಮಾಡಿಕೊಡುತ್ತಾರೆ. ಕೂಲಿ ಇಷ್ಟೇ ಎಂದಿಲ್ಲ. ರಾಶಿಯಾದ ಮೇಲೆ ಕೊಟ್ಟಷ್ಟು ಕಾಳು ತೆಗೆದುಕೊಳ್ಳುತ್ತಾರೆ, ಕೊಡದವರ ಮನೆಗೂ ಮರುವರ್ಷ ಹೋಗುತ್ತಾರೆ.

ಪೀಪಾಯಿ ತುರೋರಿಯದು. ಆ ಊರಿನ ಹೆದ್ದಾರಿ ಪಕ್ಕದ ಗುಜರಿ ಅಂಗಡಿಯಲ್ಲಿ ಸಿಕ್ಕಿತು, ಅಲ್ಲಿಯೇ ವೆಲ್ಡಿಂಗ್ ಮಾಡುವವನ ಕೈಯಿಂದ ಅಚ್ಚು, ಹಿಡಿಕೆ, ಮುಚ್ಚಳ ಮಾಡಿಸಿಕೊಂಡರು. "ಇದರಾಗ ಏನ್ ಮಾಡ್ತೀ ಆಯಿ, ಬೆಣ್ಣಿ ಕಡಿತೀಯೇನು ಅಂತ ಕೇಳಿದ ಅಂವಾ. ಹೂಂ ಅಂದೆ. ನಿಜ ಹೇಳಿದ್ರ ನಂಬ್ತಿದ್ನಾ?"

ಬಾಗಿಲ ಬಳಿ ಪ್ರಣಿತಾ ನಿಂತಿದ್ದಾಳೆ. ಮಾಣಿಕಬಾಯಿಯ ಸೊಸೆ, ಆರು ತಿಂಗಳ ಬಸುರಿ. ಹೊಸ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದಿದ್ದಾಳೆ. ಇವತ್ತು ಮೊದಲ ಸಾಲು ಅವಳದು. ಟ್ರ್ಯಾಕ್ಟರ್ ಬಂದು ಎಷ್ಟೋ ವರ್ಷವಾಯಿತು, ಆದರೂ ಈ ಕಡೆಯ ಹಳೆಯ ಒಕ್ಕಲು ಮನೆಗಳಲ್ಲಿ ಮೊದಲ ಸಾಲನ್ನು ಎತ್ತು ಹೂಡಿದ ಕೂರಿಗೆಯಿಂದಲೇ ಬಿತ್ತುತ್ತಾರೆ. ಮನೆಯಲ್ಲಿ ಬಸುರಿ ಹೆಣ್ಣಿದ್ದರೆ ಬೀಜದಿಂದ ಅವಳ ಉಡಿ ತುಂಬುತ್ತಾರೆ. ಅವಳು ಕೂರಿಗೆಯ ಹಿಂದೆ ನಡೆಯುತ್ತ, ಉಡಿಯಿಂದ ಹಿಡಿಹಿಡಿಯಾಗಿ ತೆಗೆದು ಕೂರಿಗೆಯ ಬಟ್ಟಲಿಗೆ ಬಿಡುತ್ತಾಳೆ. ಅವಳ ಹಾಗೆ ಹೊಲವೂ ತುಂಬಿಕೊಳ್ಳಲಿ ಎಂಬ ಆಸೆ. ಕೇಳಿದರೆ ಎಷ್ಟು ಚೆಂದ ಅನಿಸುತ್ತದೆ.

ಪ್ರಣಿತಾ ಪೀಪಾಯಿಯ ಕಡೆಗೆ ಒಂದು ಹೆಜ್ಜೆ ಇಟ್ಟದ್ದೇ ತಡ, ಚಂಪಾಬಾಯಿ ಗದರುತ್ತಾರೆ. "ಏ ಪ್ರಣಿತಾ, ಹಿಂದ ಸರಿ! ಗಾಳಿ ನಿನ್ನ ಕಡಿಗೇ ಅದ."

"ಸರಿತೀನಿ ಕಾಕು, ಆದ್ರ ಇನ್ನೊಂದು ಘಳಿಗಿಗಿ ಅದೇ ಬೀಜ ಉಡ್ಯಾಗ ಹಾಕೋತೀನಲ್ಲ," ಎನ್ನುತ್ತಾಳೆ ಹುಡುಗಿ, ಅತ್ತೆಯ ಕಡೆ ನೋಡುತ್ತ. ಅತ್ತೆ ಮಾಣಿಕಬಾಯಿ ಕೇಳಿಸದವರಂತೆ ಅರಿಸಿನ ಕುಂಕುಮದ ತಟ್ಟೆ ಸಜ್ಜು ಮಾಡುತ್ತಿದ್ದಾರೆ. ನಿನ್ನೆ ಸಂಜೆಯಿಂದ ಚಂಪಾಬಾಯಿಗೂ ಮಾಣಿಕಬಾಯಿಗೂ ಇದೇ ಜಟಾಪಟಿ. ಔಷಧ ಹಚ್ಚಲು ಚಂಪಾಬಾಯಿ ಬೇಕು, ಅವರ ಮಾತು ಮಾತ್ರ ಬೇಡ.

ಪೀಪಾಯಿಯ ಮುಚ್ಚಳ ತೆಗೆದರೆ ಬೀಜ ಗುಲಾಬಿ ಬಣ್ಣಕ್ಕೆ ತಿರುಗಿದೆ. ಔಷಧಕ್ಕೆ ಬಣ್ಣ ಬೆರೆಸುವುದೇ ಎಚ್ಚರಿಕೆಗಾಗಿ. ಇದು ವಿಷ ಹಚ್ಚಿದ ಬೀಜ, ತಿನ್ನಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ ಎಂದು ಕಣ್ಣಿಗೆ ತಿಳಿಯಲಿ ಅಂತ. ಆದರೆ ಆ ಬಣ್ಣ ಈ ಊರಿನ ಕಣ್ಣಿಗೆ ಬೇರೆಯೇ ಆಗಿ ಕಂಡಿತು. "ನಮಗ ಅದು ಕುಂಕುಮ ಹಚ್ಚಿದಂಗ ಕಾಣ್ತಿತ್ರಿ ಅಕ್ಕೋರೆ," ಎನ್ನುತ್ತಾರೆ ಚಂಪಾಬಾಯಿ. ಕೈಯಲ್ಲಿ ಪೆನ್ನು ಹಿಡಿದ ಹೆಂಗಸರೆಲ್ಲ ಅವರಿಗೆ ಅಕ್ಕೋರೇ. "ಮೊದಲ ಬಿಳಿ ಬೀಜ ಉಡಿ ತುಂಬ್ತಿದ್ವಿ. ಬಣ್ಣದ್ದು ಬಂದ ಮ್ಯಾಲ ಇನ್ನೂ ಛಲೋ ಆತು, ಲಕ್ಷ್ಮಿ ತಾನೇ ಕುಂಕುಮ ಹಚ್ಕೊಂಡು ಬಂದಾಳ ಅಂದ್ವಿ. ಔಷಧದ ಡಬ್ಬಿ ಸುದ್ದಾ ಬಿಡಲಿಲ್ಲ, ತೊಳದು ಉಪ್ಪು ತುಂಬಿ ಇಟ್ವಿ." ಎಚ್ಚರಿಕೆಯನ್ನು ಸಾಸಿವೆ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಿ ಕೈತೊಳೆದುಕೊಂಡವರ ಮೇಲೆ ನನಗೆ ಸಿಟ್ಟಿದೆ. ಚಂಪಾಬಾಯಿಗೆ ಸಿಟ್ಟೆಲ್ಲ ತಮ್ಮ ಮೇಲೆಯೇ.

ಅವರು ಮದುವೆಯಾಗಿ ಬಂದದ್ದು ಹದಿನೇಳನೇ ವಯಸ್ಸಿಗೆ. ಕಲಿತದ್ದು ಮರಾಠಿ ಶಾಲೆಯಲ್ಲಿ. ಮನೆಮಾತಾದರೂ ಕನ್ನಡ ಓದಲು ಬರುವುದಿಲ್ಲ, ಆದ್ದರಿಂದ ಈ ಬರಹ ಅಚ್ಚಾದ ಮೇಲೆ ನಾನೇ ಬಂದು ಓದಿ ಹೇಳಬೇಕೆಂದು ಕರಾರು ಮಾಡಿಕೊಂಡಿದ್ದಾರೆ. ಗಂಡ ದಿಗಂಬರ ಸ್ವಂತ ಹೊಲವಲ್ಲದೆ ನೆರೆಹೊರೆಯವರ ಹೊಲಕ್ಕೂ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧ ಹೊಡೆಯುತ್ತಿದ್ದರು. ಮೈಮೇಲೆ ಬನಿಯನ್ನು, ಬಾಯಲ್ಲಿ ತಂಬಾಕು, ಅಷ್ಟೇ. ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡದ್ದು ಐವತ್ತು ದಾಟಿದ ಮೇಲೆ. ಅದು ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು, ಅವರು ಉಳಿಯಲಿಲ್ಲ. ಮಗ ನೀಲಕಂಠ ಹುಟ್ಟಿದ ಮೇಲೆ ಚಂಪಾಬಾಯಿಗೆ ಎರಡು ಬಸಿರು ನಿಲ್ಲಲಿಲ್ಲ. "ಎರಡೂ ಸಲ ಉಡ್ಯಾಗ ಬೀಜ ಕಟ್ಕೊಂಡು ಹೊಲಕ್ಕ ಹೋಗಿದ್ದೆ. ಅವಾಗ ಯಾರಿಗಿ ಗೊತ್ತಿತ್ತು? ನಶೀಬದಾಗ ಇದ್ದಿಲ್ಲ ಅಂತ ಸುಮ್ಮ ಆದೆ."

ಆ ಸುಮ್ಮನಾಗುವಿಕೆ ಮುರಿದದ್ದು ಆರು ವರ್ಷದ ಹಿಂದೆ. ಸೊಸೆ ಪ್ರಾಜಕ್ತಾ ಉದಗೀರದ ಹುಡುಗಿ. ಆಗ ಅವಳು ನಾಲ್ಕು ತಿಂಗಳು ತುಂಬಿದ ಬಸುರಿ. ದಿಗಂಬರ ಆಗಿನ್ನೂ ಬದುಕಿದ್ದರು, ಮೊದಲ ಸಾಲಿಗೆ ಚಂಪಾಬಾಯಿಯೇ ಅವಳ ಉಡಿ ತುಂಬಿದರು. ಸೊಸೆಯ ಕೈಗುಣ ಒಳ್ಳೆಯದು ಎಂದು ಹಿಗ್ಗಿ, ಒಂದು ಸಾಲಿಗೆ ನಿಲ್ಲಿಸದೆ ಮಧ್ಯಾಹ್ನದವರೆಗೂ ನಡೆಸಿದರು. ಬೀಜ ಹಸಿಯಿತ್ತು, ಸೆಕೆಗೆ ಮೈ ಬೆವರುತ್ತಿತ್ತು. ಕೆಲವು ವಾರಗಳಲ್ಲಿ ಬಸಿರು ಹೋಯಿತು. ಮತ್ತೆ ಕಟ್ಟಲೇ ಇಲ್ಲ.

ಉದಗೀರದ ಡಾಕ್ಟರಬಾಯಿ ಎಲ್ಲ ಕೇಳುತ್ತ ಕೇಳುತ್ತ, ಹೊಲದಲ್ಲಿ ಏನೇನು ಕೆಲಸ ಮಾಡಿದೆ ಎಂದು ಪ್ರಾಜಕ್ತಾಳನ್ನು ಕೇಳಿದರಂತೆ. ಉಡಿಯ ಮಾತು ಹೊರಬಂದದ್ದು ಆಗ. ಅವರನ್ನು ನಾನೂ ಕಂಡೆ. "ಬಸಿರು ನಿಲ್ಲದಿರಲು ಹತ್ತಾರು ಕಾರಣ ಇರುತ್ತವೆ. ಇದರಿಂದಲೇ ಹೋಯಿತು ಎಂದು ನಾನು ಹೇಳಲಾರೆ, ಇದರಿಂದ ಅಲ್ಲ ಎಂದೂ ಹೇಳಲಾರೆ. ಇಂಥ ಔಷಧಗಳು ಚರ್ಮದಿಂದ ಒಳಗೆ ಹೋಗಬಹುದು. ಕೆಲವು ಬಸಿರಿಗೆ ಕೆಡುಕು, ಕೆಲವನ್ನು ವರ್ಷಾನುಗಟ್ಟಲೆ ಮೈಗೆ ಹಚ್ಚಿಕೊಂಡರೆ ಕ್ಯಾನ್ಸರಿನ ಅಪಾಯ ಹೆಚ್ಚು. ಬಸುರಿಯರು ಮುಟ್ಟಲೇಬಾರದು, ಅದರಲ್ಲಿ ಮಾತ್ರ ಎರಡು ಮಾತಿಲ್ಲ," ಎಂದರು. ದಿಗಂಬರರ ಬಗ್ಗೆ ಕೇಳಿದಾಗಲೂ ಅದೇ ಉತ್ತರ. ಒಬ್ಬ ಮನುಷ್ಯನ ರೋಗಕ್ಕೆ ಇದೇ ಕಾರಣ ಎಂದು ಬೆರಳಿಟ್ಟು ತೋರಿಸುವುದು ಕಷ್ಟ.

"ಹೌದು ಅಂದಿದ್ರ ಅತ್ತು ಮುಗಸ್ತಿದ್ದೆ. ಅಲ್ಲ ಅಂದಿದ್ರ ಮರ್ತು ಬಿಡ್ತಿದ್ದೆ. ಅವರು ಎರಡೂ ಅನ್ನಲಿಲ್ಲ," ಎನ್ನುತ್ತಾರೆ ಚಂಪಾಬಾಯಿ. ಅದರ ಮರುವರ್ಷವೇ ತುರೋರಿಗೆ ಹೋಗಿ ಪೀಪಾಯಿ ತಂದರು. ಮೊದಮೊದಲು ಅವರದೂ ಎಡವಟ್ಟೇ. ಔಷಧ ಹತ್ತಿದ ಕೈಗವಸಿನಲ್ಲೇ ಸೆರಗು ಸರಿಮಾಡಿಕೊಂಡು, ಬೆವರು ಒರೆಸಿಕೊಂಡು, ಕಣ್ಣು ಉರಿಸಿಕೊಂಡಿದ್ದಾರೆ. ಗಂಡ ತೀರಿದ ಮೇಲೆ ಶುಭಕಾರ್ಯಕ್ಕೆ ಕರೆಯುವುದನ್ನು ಬಿಟ್ಟ ಊರು, ವಿಷ ಕಲಸಲು ಮಾತ್ರ ಕರೆಯಿತು. ಅದಕ್ಕೂ ಅವರು ಬೇಸರಪಟ್ಟುಕೊಂಡವರಲ್ಲ.

ನೀಲಕಂಠ, ಪ್ರಾಜಕ್ತಾ ಈಗ ನಿಲಂಗಾದಲ್ಲಿದ್ದಾರೆ. ಅವನು ಧಾನ್ಯದ ಮಾರುಕಟ್ಟೆಯಲ್ಲಿ ತೂಕ ಮಾಡುತ್ತಾನೆ, ಅವಳು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರವಿಕೆ ಹೊಲಿಯುತ್ತಾಳೆ. ವಲಾಂಡಿಗೆ ಬರುವ ದಾರಿಯಲ್ಲಿ ಅವಳನ್ನು ಕಂಡು ಬಂದೆ. ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಮಾತಾಡಿದಳು. "ಅತ್ತಿ ಮ್ಯಾಲ ನಂದೇನೂ ಸಿಟ್ಟಿಲ್ಲರಿ. ತಿಳದು ಮಾಡ್ಯಾರೇನು? ಹಬ್ಬಕ್ಕ ಹೋಗ್ತೀನಿ, ನಾಕು ದಿನ ಇದ್ದು ಬರ್ತೀನಿ. ಮಿರಗ ಬಂತಂದ್ರ ಮಾತ್ರ ಆ ಕಡಿ ಕಾಲು ಏಳಲ್ಲ." ಸ್ವಲ್ಪ ಹೊತ್ತು ಹೊಲಿದು ಮತ್ತೆ ಹೇಳಿದಳು: "ಅವತ್ತು ಉಟ್ಟಿದ್ದ ಸೀರಿ ಇಟ್ಕೊಂಡಾರ ಅತ್ತಿ. ಸುಟ್ಟುಬಿಡ್ರಿ ಅಂತ ಎಷ್ಟು ಸಲ ಹೇಳೀನಿ. ಹೂಂ ಅಂತಾರ, ಸುಡಲ್ಲ. ಅದು ಮನ್ಯಾಗ ಇರೋತನಾ ನಂಗ ಆ ದಿನ ಮುಗದಿಲ್ಲರಿ."

ಅಂಗಳದಲ್ಲಿ ಈಗ ಬಿಸಿಲು ಬಿದ್ದಿದೆ. ಮಾಣಿಕಬಾಯಿ ಸೊಸೆಯ ಹಣೆಗೆ ಕುಂಕುಮ ಇಟ್ಟು, ಸೆರಗಿನ ಉಡಿ ಕಟ್ಟಿ, ಸ್ಟೀಲಿನ ಬೋಗುಣಿ ಹಿಡಿದು ಪೀಪಾಯಿಯ ಹತ್ತಿರ ಬರುತ್ತಾರೆ. ಚಂಪಾಬಾಯಿ ತಡೆಯುವ ಮೊದಲೇ ಬೋಗುಣಿ ತುಂಬಿಯೂ ಆಗಿದೆ.

"ವೈನಿ, ಬ್ಯಾಡ."

"ಚಂಪಾ, ಸುಮ್ಮ ಇರು. ನಮ್ಮತ್ತಿ ಮಾಡ್ಯಾಳ, ನಾ ಮಾಡೀನಿ. ವರ್ಷಕ್ಕೊಂದು ಸಲ ಒಂದು ಬೋಗಣಿ. ಇಷ್ಟರಲಿಂದ ಏನಾಗ್ತದ?"

"ನಾನೂ ಹಿಂಗೇ ಅಂದಿದ್ದೆ."

ಚಂಪಾಬಾಯಿ ಕೈಗವಸು ಕಳಚುತ್ತಾರೆ. ತೊಟ್ಟಿಯ ಬಳಿ ಹೋಗಿ ಸಾಬೂನು ಹಚ್ಚಿ ಕೈ ತೊಳೆದು, ಗೋಡೆಗೆ ತೂಗುಹಾಕಿದ್ದ ತಮ್ಮ ಚೀಲದಿಂದ ಪ್ಲಾಸ್ಟಿಕ್ ಹೊದಿಕೆಯ ಗಂಟೊಂದನ್ನು ತೆಗೆಯುತ್ತಾರೆ. ಅದರಲ್ಲಿರುವುದು ಪ್ರಾಜಕ್ತಾಳ ಆ ದಿನದ ಸೀರೆ ಮತ್ತು ಒಳಲಂಗ. ಕಟ್ಟೆಯ ಮೇಲೆ ಸೀರೆ ಹರಡುತ್ತಾರೆ. ಹಸಿರು ಸೀರೆ, ಉಡಿಯ ಜಾಗದಲ್ಲಿ ಅಂಗೈಯಗಲದ ಗುಲಾಬಿ ಕಲೆ. ಪಕ್ಕದಲ್ಲಿ ಬಿಳಿ ಒಳಲಂಗ. ಅದರ ಮೇಲೂ ಅದೇ ಜಾಗದಲ್ಲಿ ಅದೇ ಕಲೆ.

"ಮೂರು ಸಲ ಒಗದೀನಿ, ಹೋಗಿಲ್ಲ," ಎನ್ನುತ್ತಾರೆ ಚಂಪಾಬಾಯಿ. ದನಿ ಏರಿಲ್ಲ. "ಸೀರಿ ದಾಟಿ ಲಂಗಕ್ಕ ಬಂದದ, ನೋಡ್ರಿ ವೈನಿ. ಲಂಗ ದಾಟಿದ ಮ್ಯಾಲ ಎಲ್ಲಿಗಿ ಹೋಗಿರಬೇಕು?"

ಪ್ರಣಿತಾ ತನ್ನ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಾಳೆ. ಮಾಣಿಕಬಾಯಿ ಲಂಗದ ಕಲೆಯನ್ನು ನೋಡುತ್ತಾರೆ, ಮುಟ್ಟುವುದಿಲ್ಲ. ಆಮೇಲೆ ಬೋಗುಣಿಯ ಬೀಜವನ್ನು ಪೀಪಾಯಿಗೆ ಸುರಿದು, "ಈ ಬೋಗಣಿ ಇನ್ನ ಒಳಗ ಒಯ್ಯಾದು ಬ್ಯಾಡ," ಎಂದು ಅದನ್ನು ಚಂಪಾಬಾಯಿಯ ಕಾಲ ಬಳಿಯೇ ಇಡುತ್ತಾರೆ. "ಬಾಳ್ಯಾ, ಮೊದಲ ಸಾಲು ನೀನೇ ಬಿಡು."

ಪ್ರಣಿತಾಳ ಗಂಡ ಬಾಳು ಎತ್ತಿನ ಹಗ್ಗ ಹಿಡಿದು ಕಂಗಾಲಾಗಿ ನಿಂತಿದ್ದಾನೆ. "ನಾ? ನಾನೇನು ಬಸರಾಗೀನೇನು?" ಎಲ್ಲರೂ ನಗುತ್ತಾರೆ, ಮಾಣಿಕಬಾಯಿ ಕೂಡ, ಕಣ್ಣೊರೆಸಿಕೊಂಡು. ಚಂಪಾಬಾಯಿ ಚೀಲದಿಂದ ಇನ್ನೊಂದು ಜೊತೆ ಕೈಗವಸು ತೆಗೆದು ಅವನ ಮೇಲೆ ಎಸೆಯುತ್ತಾರೆ. "ಹಾಕ್ಕೊ. ಗಂಡಸರಿಗಿ ತಗಲಲ್ಲ ಅನ್ಕೊಂಡೀ ಏನು? ನಮ್ಮ ಮನ್ಯಾಗ ನಿಮ್ಮ ಕಾಕಾನೂ ಹಂಗೇ ಅನ್ಕೊಂಡಿದ್ದ."

ಹೊಲದಲ್ಲಿ ಬಾಳು ಬಕೆಟ್ಟಿನಿಂದ ಬೀಜ ತೆಗೆದು ಕೂರಿಗೆಯ ಬಟ್ಟಲಿಗೆ ಬಿಡುತ್ತ ನಡೆಯುತ್ತಿದ್ದಾನೆ. ಸಾಲು ಸ್ವಲ್ಪ ಸೊಟ್ಟಗಾಗುತ್ತಿದೆ. ಗಾಳಿ ಬೀಸದ ಕಡೆಯ ಬದುವಿನ ಮೇಲೆ, ಬೇವಿನ ನೆರಳಲ್ಲಿ ಪ್ರಣಿತಾ ಕೂತಿದ್ದಾಳೆ. ಅವಳ ಉಡಿಯಲ್ಲಿ ಮಾಣಿಕಬಾಯಿ ತುಂಬಿದ ಬಿಳಿ ಅಕ್ಕಿ, ಒಂದು ತೆಂಗಿನಕಾಯಿ. ಚಂಪಾಬಾಯಿಯನ್ನೂ ತುಂಬಲು ಕರೆದರು. ಗಂಡನಿಲ್ಲದ ಹೆಂಗಸನ್ನು ಉಡಿ ತುಂಬಲು ಕರೆಯುವುದು ಈ ಊರಲ್ಲಿ ಸಣ್ಣ ಮಾತಲ್ಲ. ಅವರು ಕೈ ಮುಗಿದು, "ಪ್ರಾಜಕ್ತಾಂದು ಆದ ಮ್ಯಾಲ ಯಾರದೂ ತುಂಬಿಲ್ಲರಿ ನಾ," ಎಂದು ದೂರವೇ ಉಳಿದರು.

ಈಗ ಅವರು ಬದುವಿನ ಈ ತುದಿಯಲ್ಲಿ ಕೂತು ಆ ಸೀರೆಯನ್ನು ಹಳೆಯ ಮಡಿಕೆಗಳ ಮೇಲೆಯೇ ಮಡಚುತ್ತಿದ್ದಾರೆ. ಇನ್ನೂ ಮೂರು ಮನೆಗಳ ಬೀಜ ಕಾಯುತ್ತಿದೆ. ಸೊಸೆ ಸುಡು ಅನ್ನುತ್ತಾಳಲ್ಲ, ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳುತ್ತೇನೆ.

"ಬಾಯಿಲೆ ಹೇಳಿದ್ರ ಜನ ಕೇಳಲ್ಲರಿ ಅಕ್ಕೋರೆ. ನೀವೇ ನೋಡಿದ್ರಲ್ಲ," ಎನ್ನುತ್ತಾರೆ. "ಒಂದು ಮಿರಗ ಇದನ್ನ ಎಲ್ಲೂ ಬಿಚ್ಚಲಾರದಂಗ ದಾಟಲಿ. ಅವತ್ತೇ ಸುಡ್ತೀನಿ. ಸುಟ್ಟು, ಆಕಿಗಿ ಫೋನ್ ಮಾಡಿ ಹೇಳ್ತೀನಿ, ಸುಟ್ಟೆ ಬಾಯಿ, ಇನ್ನ ಊರಿಗಿ ಬಾ ಅಂತ."