ಮೆಣಸಿನಕಾಯಿ ಚೀಲದೊಳಗಿನ ಸಿಡಿ

ಮನೆಯಿಂದ ಹೊರಡುವಾಗ ಬೀಗ ಜಗ್ಗಿ ನೋಡಿ, ಅರ್ಧ ದಾರಿಯಿಂದ ಮರಳಿ ಬಂದು ಇನ್ನೊಮ್ಮೆ ಜಗ್ಗಿ ಹೋಗುವವನು ನಾನು. ಇಂಥವನು ನಲವತ್ತು ದಾಟಿದ ಮೇಲೆ ಬ್ಯಾಡಗಿಯ ಮನೆಯಲ್ಲಿ ಕುಳಿತು ಅಂಗಡಿಗಳಿಗೆ ಬಿಲ್ಲಿನ ಪ್ರೋಗ್ರಾಮ್ ಬರೆಯಲು ಹೊರಟಿದ್ದೇ ತಪ್ಪು.

ನನ್ನ ಲ್ಯಾಪ್‌ಟಾಪಿನಲ್ಲಿ ಆಗ ಎರಡು ಹೊಸ ಸಲಕರಣೆಗಳಿದ್ದವು. ಒಂದು, ಬರೆದ ಕೋಡಿನ ಹಳೆಯ ರೂಪಗಳನ್ನೆಲ್ಲ ಜೋಪಾನವಾಗಿಟ್ಟು ಫೋಲ್ಡರಿನ ಮೇಲೆ ಹಸಿರು ಗುರುತು ತೋರಿಸುವುದು. ಇನ್ನೊಂದು, ಗುಂಡಿ ಒತ್ತಿದರೆ ನನ್ನ ಪ್ರೋಗ್ರಾಮ್ ಓಡಲು ಬೇಕಾದ ಸರ್ವರನ್ನು ಯಂತ್ರದೊಳಗೇ ಶುರುಮಾಡಿ ಹಸಿರು ದೀಪ ಹಚ್ಚುವುದು. ಇಷ್ಟು ಹಸಿರು ಕಂಡರೆ ಯಾರಿಗಾದರೂ ನೆಮ್ಮದಿ. ನನಗೆ ಅನುಮಾನ. ಕೋಡನ್ನು ಸಿಡಿಗೂ ಬರೆದೆ. ಬಿಸಿಲಿಗೆ ಸಿಡಿ ಕೆಟ್ಟೀತೆಂದು, ಹೆಂಡತಿಯ ತಮ್ಮ ಕೆಲಸಕ್ಕಿದ್ದ ಕೋಲ್ಡ್ ಸ್ಟೋರೇಜಿಗೆ ಒಯ್ದು ನಮ್ಮ ಮೆಣಸಿನಕಾಯಿ ಚೀಲದೊಳಗೆ ತುರುಕಿಸಿದೆ. ಮೆಣಸಿನಕಾಯಿಯ ಬಣ್ಣವೇ ಮಾಸದ ಜಾಗದಲ್ಲಿ ನನ್ನ ಕೋಡು ಕೆಟ್ಟೀತೇ?

ಒಂದು ದಿನ ರಾಣೇಬೆನ್ನೂರಿನ ಬೀಜದ ಅಂಗಡಿಯವರಿಗೆ ಪ್ರೋಗ್ರಾಮ್ ತೋರಿಸಬೇಕಿತ್ತು. ಊರ ಹೊರಗಿನ ಮೊದಲ ಗಿರಾಕಿ. ಅದು ಓಡದಿದ್ದರೆ ಕೆಲಸ, ಇಂಥದ್ದೇ ಪ್ರೋಗ್ರಾಮ್ ಬರೆಯುವ ಹುಬ್ಬಳ್ಳಿಯವನೊಬ್ಬನ ಪಾಲು. ಒಂದು ಸರ್ವರ್ ಕೈಕೊಟ್ಟರೆ ಇರಲಿ ಎಂದು ಹಿಂದಿನ ದಿನ ಇನ್ನೊಂದನ್ನೂ ಹಾಕಿಕೊಂಡೆ. ಬೆಳಿಗ್ಗೆ ಎದ್ದು ಗುಂಡಿ ಒತ್ತಿದರೆ ದೀಪ ಕೆಂಪು. ಮತ್ತೆ ಒತ್ತಿದೆ, ಕೆಂಪು. ಕೆಳಗೆ ಏನೋ ಬರೆದು ಬಂತು. ಓದುವಷ್ಟು ತಾಳ್ಮೆ ಯಾರಿಗಿದೆ? ಕೋಡೇ ಕೆಟ್ಟಿತೆಂದು ಕೋಲ್ಡ್ ಸ್ಟೋರೇಜಿಗೆ ಓಡಿದೆ.

ಭಾಮೈದ ಚೀಲ ಬಿಚ್ಚಿ ಸೀನುತ್ತ ಹುಡುಕಿದ. “ಮಾವಾರ, ಇದರಾಗ ಇನ್ನೇನೇನು ಇಟ್ಟೀರಿ? ಅಕ್ಕನ ಬಂಗಾರ ಗಿಂಗಾರ ಐತೇನು?”

“ಲಗೂ ತಗಿಯೋ, ಇಲ್ಲಿ ನನ್ನ ಜೀವ ಹೊಂಟೈತಿ!”

“ಜೀವಾನೂ ಇಲ್ಲೇ ಇಟ್ಟು ಹೋಗ್ರಿ, ಕೆಡೂದಿಲ್ಲ.”

ಕೆಂಪು ಪುಡಿ ಮೆತ್ತಿದ ಸಿಡಿಯನ್ನು ಅಂಗಿಗೆ ಒರೆಸಿ, ಮನೆಗೆ ತಂದು ಹಾಕಿದೆ. ಡ್ರೈವ್ ಗೊರಗೊರ ಎಂದು ಅದನ್ನು ಹೊರಗೆ ನೂಕಿತು. ನನ್ನ ಕಣ್ಣು ಬೇರೆ ಉರಿಯುತ್ತಿತ್ತು. ಹೆಂಡತಿ ನೀರು ತಂದುಕೊಟ್ಟು ಪರದೆಯತ್ತ ಬಗ್ಗಿದಳು.

“ಅಲ್ರೀ, ಕೆಳಗ ಏನೋ ಬರದೈತಲ್ಲ, ಓದೀರೇನು?”

ಓದಿದೆ. ಮುನ್ನೆಚ್ಚರಿಕೆಗೆಂದು ನಾನೇ ಹಾಕಿದ್ದ ಎರಡನೆಯ ಸರ್ವರ್, ಯಂತ್ರ ಶುರುವಾದೊಡನೆ ತಾನೇ ಎದ್ದು ಮೊದಲನೆಯದರ ಜಾಗ ಹಿಡಿದು ಕುಳಿತಿತ್ತು. ಅದನ್ನು ನಿಲ್ಲಿಸಿದೆ, ದೀಪ ಹಸಿರಾಯಿತು. ಕೋಡಿಗೆ ಏನೂ ಆಗಿರಲಿಲ್ಲ.

ಮಧ್ಯಾಹ್ನ ರಾಣೇಬೆನ್ನೂರಿನಲ್ಲಿ ಪ್ರೋಗ್ರಾಮ್ ಒಂದೇ ಸಲಕ್ಕೆ ತೆರೆಯಿತು. ಅಂಗಡಿಯ ಮಾಲೀಕರು ಅದನ್ನು ಸರಿಯಾಗಿ ನೋಡಲೂ ಇಲ್ಲ.

“ಅದೆಲ್ಲಾ ಖರೇ. ನಾಳೆ ಈ ಮಷಿನ್ ಸುಟ್ಟು ಹೋದ್ರ?”

ಫೋಲ್ಡರಿನ ಹಸಿರು ಗುರುತಿನ ಮಹಿಮೆ ಹೇಳತೊಡಗಿದೆ. ಅವರು ಆಕಳಿಸಿದರು. ಗಾಬರಿಯಲ್ಲಿ ನನ್ನ ಬಾಯಿಂದ ಬಿತ್ತು: “ಒಂದು ಸಿಡಿ ಬ್ಯಾಡಗಿ ಕೋಲ್ಡ್ ಸ್ಟೋರೇಜಿನ್ಯಾಗ ಇಡತೇನ್ರಿ.”

ಅವರು ನೆಟ್ಟಗೆ ಕುಳಿತರು. “ಭಾಳ ಶಾಣ್ಯಾ ಅದೀರಿ! ಬೀಜಾನೂ ನಾವು ಹಂಗ ಇಡತೀವಿ. ಆ ಹುಬ್ಬಳ್ಳಿಯಂವ ಈ ಮಾತು ಹೇಳಲೇ ಇಲ್ಲ ನೋಡ್ರಿ.”

ಕೆಲಸ ನನಗೇ ಬಂತು. ಆಡಿದ ಮಾತು ಸುಳ್ಳಾಗಬಾರದಲ್ಲ. ಹೊಸ ಸಿಡಿ ಬರೆದು, ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಮತ್ತೆ ಭಾಮೈದನ ಮುಂದೆ ನಿಂತೆ. ಅವನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಚೀಲ ಬಿಚ್ಚಿದ. ಹೊರಗೆ ಬಂದ ಮೇಲೆ, ಅವನು ಹಾಕಿದ ಬೀಗವನ್ನು ಒಮ್ಮೆ ಜಗ್ಗಿ ನೋಡಿದೆ.