ಖಾರ್ಟೂಮ್ ಮರಳಿ ಸಿಕ್ಕ ದಿನ

ಕೆ.ಆರ್. ಪುರದ ನಮ್ಮ ಮನೆಯ ಮಹಡಿಯಲ್ಲಿ ಸುಡಾನಿನ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಫಾರ್ಮಸಿ ಓದುತ್ತಿದ್ದಳು, ನನ್ನಿಂದ ಅಷ್ಟಿಷ್ಟು ಕನ್ನಡವನ್ನೂ ಕಲಿತಿದ್ದಳು. ಅವಳ ಊರು ರಾಜಧಾನಿ ಖಾರ್ಟೂಮ್. ಅದನ್ನು ಹಿಡಿಯಲು ಅಲ್ಲಿನ ಸೈನ್ಯಕ್ಕೂ ಅರೆಸೇನಾಪಡೆಗೂ ಯುದ್ಧ ಹತ್ತಿದಾಗ ಅವಳ ತಾಯಿ ಮನೆ ಬಿಟ್ಟು ಈಜಿಪ್ಟಿನ ಕೈರೋ ಸೇರಿದ್ದರು.

ಎರಡು ವರ್ಷದ ಮೇಲೆ ಸೈನ್ಯ ಊರನ್ನು ಅರೆಸೇನಾಪಡೆಯ ಕೈಯಿಂದ ಮರಳಿ ಗೆದ್ದಿತು. ಆ ವಾರ ಅವಳು ಮೊಬೈಲ್ ಹಿಡಿದುಕೊಂಡು ನಮ್ಮ ಅಡುಗೆಮನೆಗೆ ಬಂದಳು. ಅಲ್ಲಿನ ನೆರೆಯವರೊಬ್ಬರು ಅವಳ ಬೀದಿಯ ವಿಡಿಯೊ ಕಳಿಸಿದ್ದರು. ಗೋಡೆಯ ತುಂಬ ಗುಂಡಿನ ತೂತುಗಳು. ಅವಳ ಮನೆಗೆ ಬಾಗಿಲೂ ಇರಲಿಲ್ಲ, ಕಿಟಕಿಯೂ ಇರಲಿಲ್ಲ.

"ಆಂಟಿ, ನಮ್ಮ ಬೇವಿನ ಮರ ನೋಡಿ. ಅಮ್ಮ ಇದರ ಕೆಳಗೇ ಟೀ ಕುಡೀತಿದ್ರು." ಅಂಗಳದ ಮರ ಹಸಿರಾಗಿಯೇ ನಿಂತಿತ್ತು.

"ಇನ್ನು ಊರಿಗೆ ಹೋಗ್ಬಹುದಲ್ಲಮ್ಮ?" ಎಂದೆ.

"ನೀರಿಲ್ಲ, ಕರೆಂಟಿಲ್ಲ. ಬೀದೀಲಿ ಯಾರೂ ಇಲ್ಲ ಆಂಟಿ," ಎಂದು ವಿಡಿಯೊವನ್ನು ಮತ್ತೆ ಮೊದಲಿನಿಂದ ಹಾಕಿದಳು. ಹಾಲು ಉಕ್ಕಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಓದು ಮುಗಿಸಿ ಅವಳು ಕೈರೋಗೆ, ತಾಯಿಯ ಹತ್ತಿರ ಹೋದಳು. ಈಗಲೂ ಫೋನ್ ಮಾಡುತ್ತಾಳೆ. "ಅಮ್ಮ ಊರಿಗೆ ಅಂತ ದಿನಾ ಪೆಟ್ಟಿಗೆ ಕಟ್ತಾರೆ ಆಂಟಿ. ಸಾಯಂಕಾಲ ನಾನು ಬಿಚ್ತೀನಿ," ಎಂದಳು ಮೊನ್ನೆ. ಊಟ ಆಯಿತೇ ಎಂದು ಕೇಳಿದೆ.