ಹನ್ನೊಂದು ದಿನಗಳ ಕೆಮ್ಮು

ಒಂದಿಡೀ ಚಳಿಗಾಲ ಕೊರೊನಾ ರೋಗಿಗಳ ರಕ್ತನಾಳಕ್ಕೆ ಪ್ರತಿಕಾಯದ ಔಷಧಿಯನ್ನು ಹನಿಹನಿಯಾಗಿ ಇಳಿಸಿದ ನರ್ಸ್‌ಗೆ, ಅದೇ ರೋಗ ಬಂದಾಗ, ಅವಳದೇ ಆಸ್ಪತ್ರೆ ಆ ಔಷಧಿಯನ್ನು ನಿರಾಕರಿಸಿತು. ಮಾಸ್ಕ್ ಒತ್ತಿ ಅವಳ ಮೂಗಿನ ಮೇಲೆ ಕಪ್ಪುಗಟ್ಟಿದ್ದ ಗೆರೆಯನ್ನು ಹತ್ತಿರದಿಂದ ಕಂಡವನು ನಾನು. ಮರೆಯುವಷ್ಟು ಔದಾರ್ಯ ನನ್ನಲ್ಲಿಲ್ಲ.

ಅಮೆರಿಕದ ಆಬರ್ನ್ ಹಿಲ್ಸ್‌ನಿಂದ ಹೆದ್ದಾರಿಯಲ್ಲಿ ಎರಡು ಎಕ್ಸಿಟ್ ಆಚೆಗಿನ ಆಸ್ಪತ್ರೆ. ತುರ್ತು ವಿಭಾಗದಲ್ಲಿ ಹಾಸಿಗೆಯಿಲ್ಲದೆ, ಕೊರೊನಾ ತಗುಲಿದ್ದ ನನ್ನನ್ನು ಕಾರಿಡಾರಿನ ಕುರ್ಚಿಯಲ್ಲಿ ಕೂರಿಸಿದ್ದರು. ನನ್ನ ಹೆಸರು ಓದಿದವಳೇ ಅಪ್ಪಟ ಹುಬ್ಬಳ್ಳಿ ಕನ್ನಡದಲ್ಲಿ ಕೇಳಿದಳು:

“ಯಾವತ್ತು ಸುರು ಆತ್ರಿ ಅಂಕಲ್? ಖರೇ ಹೇಳ್ರಿ. ಹತ್ತ್ ದಿನ ದಾಟಿದ್ರ ಈ ಔಷಧಿ ಕೊಡಂಗಿಲ್ಲ.”

“ಇವತ್ತಿಗೆ ಐದನೇ ದಿನ. ಸಂಜೆ ನಾಲ್ಕೂಕಾಲಿಗೆ ಮೈ ಬಿಸಿಯಾಯ್ತು.”

“ನಾಲ್ಕೂಕಾಲು! ನಿಮ್ಮನ್ನ ಕಂಡ್ರ ನಮ್ಮ ಡಾಕ್ಟರ್ ಅಂಜ್ತಾರ್ರಿ.”

ಔಷಧಿ ಇಳಿಯಲು ಒಂದು ಗಂಟೆ, ಮೈಗೆ ಒಗ್ಗಿತೇ ಎಂದು ನೋಡಲು ಇನ್ನೊಂದು ಗಂಟೆ. ನಾನು ಹನಿ ಎಣಿಸುತ್ತಿದ್ದುದನ್ನು ಕಂಡು, “ಎಣಸ್ರಿ ಎಣಸ್ರಿ, ನನಗೊಂದ್ ಕೆಲಸ ಕಮ್ಮಿ” ಎಂದು ನಕ್ಕಳು. ಆಮೇಲೆ ಒಂದು ವಾರ, ತನ್ನ ಊಟದ ಬಿಡುವಿನಲ್ಲಿ ದಿನವೂ ಫೋನ್ ಮಾಡಿ ನನ್ನ ಉಸಿರು ಹೇಗಿದೆಯೆಂದು ವಿಚಾರಿಸಿದಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಅವಳಿಗೇ ಕೆಮ್ಮು ಹತ್ತಿತು. ಅದೇ ದಿನ ಮೇಲ್ವಿಚಾರಕಿಗೆ ಬರೆದು ತಿಳಿಸಿದಳು. ಹೀಟರ್ ಗಾಳಿಗೆ ಗಂಟಲು ಒಣಗಿದೆ, ಡ್ಯೂಟಿಗೆ ಬಾ ಎಂಬ ಉತ್ತರ ಬಂತು. ಆಸ್ಪತ್ರೆಯವರು ಪರೀಕ್ಷೆ ಮಾಡಿಸಲಿಲ್ಲ. ಒಂಬತ್ತು ದಿನ ದುಡಿದಳು. ಹತ್ತನೆಯ ದಿನ ಜ್ವರ. ಹನ್ನೊಂದನೆಯ ದಿನ ಕೊರೊನಾ ಎಂದು ಗೊತ್ತಾಯಿತು. ಸಕ್ಕರೆ ಕಾಯಿಲೆಯಿದ್ದ ಅವಳು ಔಷಧಿ ಕೇಳಿದಾಗ, ಅವಳೇ ಬರೆದುಕೊಟ್ಟಿದ್ದ ಕೆಮ್ಮಿನ ತಾರೀಖು ತೋರಿಸಿ, ಹತ್ತು ದಿನದ ಅವಧಿ ಮೀರಿದೆ ಎಂದರು.

ಫೋನಿನಲ್ಲಿ ಏದುಸಿರು ಬಿಡುತ್ತ ಹೇಳಿದಳು: “ನಿನ್ನೆ ಸುರು ಆತು ಅಂದಿದ್ರ ಕೊಡ್ತಿದ್ರು ನೋಡ್ರಿ ಅಂಕಲ್. ಎಲ್ಲಾರಿಗೂ ಖರೇ ಹೇಳ್ರಿ ಅಂತ ಹೇಳಾಕಿ, ನಾನ ಹೆಂಗ ಸುಳ್ಳ ಹೇಳ್ಲಿ?”

ಮೂರು ವಾರ ವೆಂಟಿಲೇಟರ್‌ನಲ್ಲಿದ್ದು ತೀರಿಹೋದಳು. ಆಸ್ಪತ್ರೆಯ ಬಾಗಿಲಲ್ಲಿ ಅವಳ ಚಿತ್ರವಿಟ್ಟು ವೀರ ಯೋಧೆ ಎಂದು ಬರೆದರು. ಆಸ್ಪತ್ರೆಯ ಆಡಳಿತಕ್ಕೆ ನಾನು ಬರೆದ ನಾಲ್ಕು ಪತ್ರಗಳಿಗೆ ಬಂದದ್ದು ಒಂದೇ ಸಾಲು: ನಿಯಮವನ್ನು ಪಾಲಿಸಲಾಗಿದೆ.

ಮಹನೀಯರೇ, ಮೊದಲ ದಿನದ ಆ ಕೆಮ್ಮು ಕೊರೊನಾದ್ದಾಗಿದ್ದರೆ, ಒಂಬತ್ತು ದಿನ ಅವಳನ್ನು ಏಕೆ ದುಡಿಸಿದಿರಿ? ಬರೀ ಹೀಟರ್ ಗಾಳಿಯದಾಗಿದ್ದರೆ, ಔಷಧಿಯನ್ನು ಏಕೆ ಕೊಡಲಿಲ್ಲ?